ಹಳೇ ಎಟಿವಿಗೆ ‘ಲೋ ಎಂಡ್’ ಕೂರಿಸ್ತೀನಿ ಅನ್ನೋರ ಕೈಗೆ ಇಂಜಿನ್ ಕೊಡೋ ಮುಂಚೆ ಇದನ್ನ ಓದಿ

ಮೊದಲೇ ಒಪ್ಕೋತೀನಿ, ಇದರಲ್ಲಿ ನನ್ನ ದಡ್ಡತನವೂ ಇದೆ. ಎಷ್ಟು ಅಂತ ಕೆಳಗೆ ಗೊತ್ತಾಗುತ್ತೆ. ಹಾಗಂತ ನನ್ನ ಇಂಜಿನ್ ಬಿಚ್ಚಿದ ಆ ಪುಣ್ಯಾತ್ಮ ಮೆಕ್ಯಾನಿಕ್ ಮಾಡಿದ್ದು ಸರಿ ಅಂತಲ್ಲ.

ಗಾಡಿ ಹೋಂಡಾ ಟಿಆರ್‌ಎಕ್ಸ್ 300. ಹೊಲ, ಗುಡ್ಡದಲ್ಲಿ ಓಡೋ ನಾಲ್ಕು ದಪ್ಪ ಚಕ್ರದ ಎಟಿವಿ. ಹಳೇದು, ಆದ್ರೆ ಗಟ್ಟಿ ಕುಳ. 74 ಮಿ.ಮೀ. ಬೋರ್ (ಸಿಲಿಂಡರ್ ಅಗಲ), 65.5 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡೋ ದೂರ), 282 ಸಿಸಿ, ಒಂದೇ ಸಿಲಿಂಡರ್. ಟ್ರೇಲರ್ ಕಟ್ಟಿ ಏರು ಹತ್ತಿಸಿದ್ರೆ, ಕೆಸರಿಗೆ ಇಳಿಸಿದ್ರೆ ಉಸಿರು ಕಟ್ತಿತ್ತು. ನನಗೆ ಸ್ಪೀಡ್ ಬೇಡ. ಥ್ರಾಟಲ್ ಮೇಲೆ ಹೆಬ್ಬೆರಳು ಇಟ್ಟ ತಕ್ಷಣ ಎಳೀಬೇಕು, ಅಷ್ಟೇ. ಇಂಜಿನ್ ನಿಧಾನಕ್ಕೆ ತಿರುಗುವಾಗಲೇ ಸಿಗೋ ಈ ಎಳೆತಕ್ಕೇ ಲೋ ಎಂಡ್ ಅನ್ನೋದು. ಇದನ್ನ ಒಂದಲ್ಲ, ಮೂರು ಸಲ ಹೇಳಿದೀನಿ. ‘ಅರ್ಥ ಆಯ್ತು ಬಿಡಿ ಸಾರ್, ಲೋ ಎಂಡ್ ತಾನೆ, ಎತ್ತು ಎಳೆದ ಹಾಗೆ ಎಳೀಬೇಕು’ ಅಂದ. ನಾನು ಕರಗಿ ಹೋದೆ.

ಅವನು ಹೇಳಿದ ಪಟ್ಟಿ: ಬೋರ್ 77ಕ್ಕೆ ಏರಿಸಿ ಹೊಸ ಪಿಸ್ಟನ್, ಅಂದ್ರೆ 305 ಸಿಸಿ. ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಕೆರೆದು ಕಂಪ್ರೆಷನ್, ಅಂದ್ರೆ ಒಳಗಿನ ಒತ್ತಡ ಜಾಸ್ತಿ. ವಾಲ್ವ್ ತೆಗೆದು ಮುಚ್ಚೋಕೆ ‘ಪರ್ಫಾರ್ಮೆನ್ಸ್’ ಕ್ಯಾಮ್. ದೊಡ್ಡ ಕಾರ್ಬ್ಯುರೇಟರ್. ಕೇಳೋಕೆ ಏನು ಚೆಂದ! ದುಡ್ಡು ಪೂರ್ತಿ ಮೊದಲೇ ಕೊಟ್ಟೆ. ಹೌದು, ಮೊದಲೇ. ಬೈಕೊಳ್ಳಿ.

ಗಾಡಿ ವಾಪಸ್ ಬಂತು. ಐಡಲ್‌ನಲ್ಲೇ ಡುಗ್ ಡುಗ್ ಅಂತ ಕುಂಟ್ತಿತ್ತು. ‘ಹೊಸ ಕ್ಯಾಮ್ ಸೌಂಡ್ ಸಾರ್, ರೇಸ್ ಗಾಡಿ ತರ’ ಅಂದ. ಖಾಲಿ ಜಾಗದಲ್ಲಿ ಪೂರ್ತಿ ತಿರುವಿದ್ರೆ ಕಿರುಚಿಕೊಂಡು ಹೋಗುತ್ತೆ, ಸುಳ್ಳು ಹೇಳಲ್ಲ. ಆದ್ರೆ ಅದೇ ಏರು, ಅದೇ ಟ್ರೇಲರ್, ಥ್ರಾಟಲ್ ಕೊಟ್ಟೆ. ಗುಳುಕ್ ಅಂತ ನಿಂತೇ ಹೋಯ್ತು. ಮೊದಲು ಏದುಸಿರು ಬಿಡ್ತಾ ಆದ್ರೂ ಹತ್ತುತ್ತಿದ್ದ ಏರು ಅದು!

ಫೋನ್ ಮಾಡಿದೆ. ‘ಹೊಸ ರಿಂಗ್ ಸಾರ್, ಸೆಟ್ ಆಗ್ಬೇಕು. ಎರಡು ಟ್ಯಾಂಕ್ ಓಡ್ಸಿ.’ ಓಡಿಸಿದೆ. ಮತ್ತೆ ಫೋನ್ ಮಾಡಿದೆ. ‘ನೀವು ಓಡಿಸೋ ರೀತಿ ಸರಿ ಇಲ್ಲ ಸಾರ್. ಆರ್‌ಪಿಎಂ ಮೇಲೆ ಇಟ್ಕೊಂಡೇ ಓಡಿಸ್ಬೇಕು.’

ಇದನ್ನ ಇನ್ನೊಂದು ಸಲ ಓದಿ. ಕೆಳಗಡೆ ಎಳೆತ ಬೇಕು ಅಂತ ದುಡ್ಡು ಕೊಟ್ಟವನಿಗೆ ಆರ್‌ಪಿಎಂ ಮೇಲೆ ಇಟ್ಕೊ ಅಂತಾನೆ! ಅಂಥ ಕ್ಯಾಮ್‌ನಲ್ಲಿ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತೆ. ನಿಧಾನದಲ್ಲಿ ಒಳಗೆ ಬಂದ ಗಾಳಿ ಪೆಟ್ರೋಲ್ ಪಿಸ್ಟನ್ ಮೇಲೆ ಬರುವಾಗ ವಾಪಸ್ ಹೊರಗೆ. ಶಕ್ತಿ ಬರೋದೆಲ್ಲ ಮೇಲಿನ ಆರ್‌ಪಿಎಂನಲ್ಲಿ. ಇದರಲ್ಲೋ ಕ್ಲಚ್ ಸೆಂಟ್ರಿಫ್ಯೂಗಲ್ (ಇಂಜಿನ್ ವೇಗ ಏರಿದ ಹಾಗೆ ತಾನೇ ಹಿಡಿಯೋದು), ಕೆಳಗಿನ ಆರ್‌ಪಿಎಂನಲ್ಲೇ ಹಿಡ್ಕೊಳ್ಳುತ್ತೆ. ಕ್ಲಚ್ ಹಿಡಿಯೋ ಹೊತ್ತಿಗೆ ಇಂಜಿನ್ ಇನ್ನೂ ಎದ್ದಿರಲ್ಲ. ದೊಡ್ಡ ಕಾರ್ಬ್ಯುರೇಟರ್ ಇದ್ರಂತೂ ಕಡಿಮೆ ಥ್ರಾಟಲ್‌ನಲ್ಲಿ ಗಾಳಿಗೆ ವೇಗವೇ ಇರಲ್ಲ, ಪೆಟ್ರೋಲ್ ಎಳ್ಕೊಳ್ಳಲ್ಲ. ನಾನು ಕೇಳಿದ್ದಕ್ಕೆ ನೆಟ್ಟಗೆ ಉಲ್ಟಾ ಕೆಲಸ. ಇದೆಲ್ಲ ನನಗೆ ಆಮೇಲೆ ಗೊತ್ತಾಗಿದ್ದು. ಅವನಿಗೆ ಮೊದಲೇ ಗೊತ್ತಿರಬೇಕಿತ್ತಲ್ವಾ?

ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ಹತ್ರ ಹೋದೆ. ವಯಸ್ಸಾದವರು, ಮಾತು ಕಮ್ಮಿ. ಹೆಡ್ ಬಿಚ್ಚಿದ್ರು. ಪಿಸ್ಟನ್ ತಲೆ ಮೇಲಿನ ಮಸಿಯನ್ನ ಪೆಟ್ರೋಲ್ ಅದ್ದಿದ ಬಟ್ಟೆಯಲ್ಲಿ ಒರೆಸಿದ್ರು, ಏನೂ ಹೇಳದೆ ಟಾರ್ಚ್ ನನ್ನ ಕೈಗೆ ಕೊಟ್ಟು ನೋಡಿ ಅಂದ್ರು. ಬಗ್ಗಿ ನೋಡಿದೆ. 0.50 ಅಂತ ಸಣ್ಣಗೆ ಅಚ್ಚು ಹೊಡೆದಿತ್ತು. ನನಗೆ ಹೊಳೀಲಿಲ್ಲ. ಅವರು ಬೋರ್‌ಗೆ ಗೇಜ್ ಇಟ್ಟು ಅಳತೆ ತೋರಿಸಿದ್ರು. 74.5.

ಅರ್ಧ ಮಿಲಿಮೀಟರ್! ಸವೆದ ಬೋರ್ ಸರಿ ಮಾಡೋಕೆ ಎಲ್ಲರೂ ಹಾಕೋ ಮಾಮೂಲಿ ಓವರ್‌ಸೈಜ್ ಪಿಸ್ಟನ್. ಲೆಕ್ಕ ಹಾಕಿದ್ರೆ 285.5 ಸಿಸಿ. 305 ಅಂತ ದುಡ್ಡು ತಗೊಂಡು ನಾಲ್ಕು ಸಿಸಿನೂ ಕೊಟ್ಟಿಲ್ಲ. ಅಲ್ಲೇ ಸ್ಟೂಲ್ ಮೇಲೆ ಕೂತುಬಿಟ್ಟೆ. ಸಿಟ್ಟಿಗಿಂತ ನಾಚಿಕೆ ಜಾಸ್ತಿ, ಯಾಕಂದ್ರೆ ಈ 305 ಕಥೆಯನ್ನ ನಾನೇ ಎಷ್ಟು ಜನಕ್ಕೆ ಜಂಬದಿಂದ ಹೇಳಿದ್ದೆ.

ಫೋಟೋ ಕಳಿಸಿದೆ. ಮೊದಲ ಉತ್ತರ: ‘77 ಸಿಗ್ಲಿಲ್ಲ ಸಾರ್, ಇದೂ ಅದೇ ತರ.’ ಅದೇ ತರ ಅಂತೆ! ಹಳೇ ಕ್ಯಾಮ್, ಹಳೇ ಪಿಸ್ಟನ್ ವಾಪಸ್ ಕೊಡಿ ಅಂದೆ. ‘ಗುಜರಿಗೆ ಹೋಯ್ತು.’ ಲೋ ಎಂಡ್ ಅಂತ ತಾನೆ ನಾನು ಹೇಳಿದ್ದು ಅಂದೆ. ‘ಪವರ್ ಕೇಳಿದ್ರಿ, ಪವರ್ ಕೊಟ್ಟೆ. ಲೋ ಎಂಡ್ ಅಂತ ಬರೆದು ಕೊಟ್ಟಿದ್ರಾ?’ ಆಮೇಲೆ ಫೋನ್ ಎತ್ತೋದನ್ನೇ ಬಿಟ್ಟ.

ಈಗ ನನ್ನ ದಡ್ಡತನ. ಆ ಹಿರಿಯರು ಗಾಡಿ ಸುತ್ತ ಒಂದು ಸಲ ಸುತ್ತಿ ‘ಟೈರ್ ಯಾವಾಗ ಬದಲಾಯಿಸಿದ್ರಿ?’ ಅಂದ್ರು. ನೋಡೋಕೆ ಚೆನ್ನಾಗಿರುತ್ತೆ ಅಂತ 24 ಇಂಚು ತೆಗೆದು 27 ಹಾಕಿಸಿದ್ದೆ. ಅಂದ್ರೆ ಚಕ್ರದ ಒಂದೊಂದು ಸುತ್ತಿಗೂ ದೂರ ಜಾಸ್ತಿ, ಗಿಯರಿಂಗ್ 12.5 ಶೇಕಡಾ ಭಾರ. ಗಾಡಿ ಉಸಿರು ಕಟ್ಟೋಕೆ ಶುರುವಾಗಿದ್ದೇ ಅಲ್ಲಿಂದ. ಆ ಮೊದಲಿನ ಆಸಾಮಿ ಟೈರ್ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಮಾತಾಡಿದ್ದ, ಒಂದು ಮಾತು ಎತ್ತಲಿಲ್ಲ. ಎತ್ತಿದ್ರೆ ಇಂಜಿನ್ ಬಿಚ್ಚೋ ಕೆಲಸವೇ ಇರ್ತಿರಲಿಲ್ಲ, ಅವನಿಗೆ ದುಡ್ಡೂ ಇರ್ತಿರಲಿಲ್ಲ.

ಹಾಗಾಗಿ, ದಯವಿಟ್ಟು: ಮೊದಲು ಟೈರ್ ನೋಡಿ, ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ತುದಿಯ ಸಂದು) ನೋಡಿಸಿ, ಕಂಪ್ರೆಷನ್ ಗೇಜ್ ಹಾಕಿಸಿ. ಇಂಜಿನ್ ಬಿಚ್ಚಲೇಬೇಕು ಅಂದ್ರೆ ಪಿಸ್ಟನ್ ಒಳಗೆ ಹೋಗೋ ಮುಂಚೆ ಬೋರ್ ಅಳತೆ ನಿಮ್ಮ ಕಣ್ಣೆದುರು ಆಗಲಿ. ಹಳೇ ಪಾರ್ಟ್ಸ್ ಚೀಲಕ್ಕೆ ಹಾಕಿಸ್ಕೊಂಡು ಬನ್ನಿ, ಮುರಿದಿದ್ರೂ ಸರಿ. ‘ಪರ್ಫಾರ್ಮೆನ್ಸ್ ಕ್ಯಾಮ್’ ಅಂದ್ರೆ ಎಷ್ಟು ಆರ್‌ಪಿಎಂನಿಂದ ಎಷ್ಟಕ್ಕೆ ಅಂತ ಕೇಳಿ. ಉತ್ತರ ಬರದೆ ನಗು ಬಂದ್ರೆ ಗಾಡಿ ವಾಪಸ್ ತಳ್ಕೊಂಡು ಬನ್ನಿ.

ಈಗ ಸೆಕೆಂಡ್ ಹ್ಯಾಂಡ್ ಸ್ಟಾಕ್ ಕ್ಯಾಮ್, ಕಾರ್ಬ್ಯುರೇಟರ್ ಹುಡುಕಿ ಹಾಕಿಸಿದೀನಿ, 24ರ ಟೈರ್ ವಾಪಸ್ ಬಂದಿದೆ. ಎಳೆತ ಬಂತು, ನಿಜವಾಗ್ಲೂ ಬಂತು. ಆದ್ರೆ ಹೆಡ್ ಎಷ್ಟು ಕೆರೆದಿದ್ದಾನೋ, ಆ ಕ್ಯಾಮ್ ಇರೋವರೆಗೂ ಒತ್ತಡ ವಾಪಸ್ ಸೋರ್ತಿತ್ತು, ಅದಕ್ಕೇ ಅದು ಕಾಣಿಸಿರಲಿಲ್ಲ. ಈಗ ಲೋಡ್ ಬಿದ್ದ ಕೂಡ್ಲೇ ಒಳಗಿಂದ ಟಕ ಟಕ ಅಂತ ನಾಕಿಂಗ್, ಒತ್ತಡ ಜಾಸ್ತಿಯಾಗಿ ಪೆಟ್ರೋಲ್ ತಪ್ಪಾಗಿ ಉರಿಯೋ ಸದ್ದು. ಒತ್ತಡ ಇಳಿಸೋಕೆ ಹೆಡ್ ಕೆಳಗೆ ಹಾಕೋ ದಪ್ಪನೆ ಗ್ಯಾಸ್ಕೆಟ್‌ಗೆ ಹೇಳಿದೀನಿ. ಅದು ಬರೋವರೆಗೂ ಗಾಡಿ ಶೆಡ್ಡಲ್ಲೇ, ಟ್ರೇಲರ್ ನಾನೇ ಎಳೀತಿದೀನಿ.