ಮೇ ತಿಂಗಳ ಯುದ್ಧದ ದಿನಗಳಲ್ಲಿ ಕನ್ನಡ ಸುದ್ದಿ ವಾಹಿನಿಗಳು: ಒಬ್ಬ ಚಂದಾದಾರನ ವಿಮರ್ಶೆ

ಮಂಗಳೂರಿನ ನಮ್ಮ ಮನೆಗೆ ಬರುವ ಕೇಬಲ್ ಸಂಪರ್ಕದ ಚಿತ್ರ, ಧ್ವನಿ, ಆಪರೇಟರರ ಸ್ಪಂದನೆ ಯಾವುದರ ಬಗ್ಗೆಯೂ ನನಗೆ ದೂರಿಲ್ಲ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಆ ಸಂಪರ್ಕದೊಳಗಿನ ಕನ್ನಡ ಸುದ್ದಿ ವಾಹಿನಿಗಳನ್ನು ಮಾತ್ರ, ಅದೂ 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದ ದಿನಗಳ ಮಟ್ಟಿಗೆ. ಹೆಸರು ಹೇಳುವುದಿಲ್ಲ, ನಾನು ನೋಡಿದ ವಾಹಿನಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೂ ಇರಲಿಲ್ಲ.

ಮೇ 7ರ ನಸುಕಿನಲ್ಲಿ ಪಾಕಿಸ್ತಾನ ಮತ್ತು ಪಾಕ್ ಆಕ್ರಮಿತ ಕಾಶ್ಮೀರದ ಒಂಬತ್ತು ಉಗ್ರರ ನೆಲೆಗಳ ಮೇಲೆ ನಮ್ಮ ಸೇನೆಯ ದಾಳಿ ನಡೆದ ಬಳಿಕ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ, ಕರ್ನಲ್ ಸೋಫಿಯಾ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ನಡೆಸಿದ ಪತ್ರಿಕಾಗೋಷ್ಠಿಯೇ ಆ ವಾರದ ಅತ್ಯುತ್ತಮ ಕಾರ್ಯಕ್ರಮವಾಗಿತ್ತು. ಖುರೇಷಿ ಹಿಂದಿಯಲ್ಲೂ ಸಿಂಗ್ ಇಂಗ್ಲಿಷಿನಲ್ಲೂ ಮಾತನಾಡಿದರು. ಎರಡೂ ಭಾಷೆ ಸಲೀಸಾಗಿ ಅರ್ಥವಾಗದ ನಮ್ಮ ಮನೆಯ ಹಿರಿಯರಂಥವರಿಗೆ ಅದನ್ನು ನೆಟ್ಟಗೆ ಕನ್ನಡದಲ್ಲಿ ದಾಟಿಸುವುದು ಕನ್ನಡ ವಾಹಿನಿಯೊಂದೇ ಮಾಡಬಹುದಾದ ಕೆಲಸ. ನಾವು ನೋಡುತ್ತಿದ್ದ ವಾಹಿನಿಯಲ್ಲಿ ನಿರೂಪಕರು ಅಧಿಕಾರಿಗಳ ಮಾತಿನ ಮೇಲೆಯೇ ತಮ್ಮ ಉದ್ಗಾರಗಳನ್ನು ಹೇರುತ್ತ ಹೋದರು.

ಮರುದಿನ ರಾತ್ರಿಯದ್ದು ಇದಕ್ಕಿಂತ ಗಂಭೀರ. ನಮ್ಮ ನೌಕಾಪಡೆ ಕರಾಚಿ ಬಂದರನ್ನು ಧ್ವಂಸ ಮಾಡಿದೆ ಎಂಬ ಸುದ್ದಿ ದೇಶದ ಹಲವು ವಾಹಿನಿಗಳಂತೆ ಇಲ್ಲಿಯೂ ಓಡಿತು. ಪಣಂಬೂರಿನಲ್ಲಿ ದೊಡ್ಡ ಹಡಗುಗಳನ್ನು ದಿನವೂ ಕಾಣುವ ಊರಿನವರಿಗೆ ಒಂದು ಬಂದರು ಪೂರ್ತಿ ನಾಶವಾಗುವುದು ಎಂದರೇನು ಎಂಬ ಅಂದಾಜಾದರೂ ಇದೆ; ಪರದೆಯ ಮೇಲೆ ಅದಕ್ಕೆ ಆಧಾರವೆಂದು ಕಂಡದ್ದು ಎಲ್ಲಿಯದೆಂದು ಹೇಳದ ಬೆಂಕಿಯ ದೃಶ್ಯಗಳು ಮಾತ್ರ. ಮೇ 11ರಂದು ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಅವರು, ಕರಾಚಿಯೂ ಸೇರಿದಂತೆ ಆಯ್ದ ಗುರಿಗಳ ಮೇಲೆ ನಾವು ಬಯಸಿದ ಹೊತ್ತಿನಲ್ಲಿ ಎರಗಲು ನೌಕಾಪಡೆ ಸನ್ನದ್ಧವಾಗಿತ್ತು ಎಂದು ವಿವರಿಸಿದಾಗ, ದಾಳಿ ನಡೆದಿರಲಿಲ್ಲ ಎಂಬುದು ಸ್ಪಷ್ಟವಾಯಿತು. ವಾಹಿನಿ ಆ ಸುದ್ದಿಯನ್ನು ಸದ್ದಿಲ್ಲದೆ ಕೈಬಿಟ್ಟಿತೇ ಹೊರತು, ತಪ್ಪಾಯಿತೆಂಬ ಒಂದು ಸಾಲನ್ನೂ ನಾನು ಕಾಣಲಿಲ್ಲ.

ನ್ಯಾಯವಾಗಿ ಹೇಳುವುದಾದರೆ ವಾಹಿನಿಗಳ ಇಕ್ಕಟ್ಟೂ ನಿಜವಾದದ್ದೇ. 2008ರ ಮುಂಬೈ ದಾಳಿಯ ನೇರ ಪ್ರಸಾರವನ್ನು ಸುಪ್ರೀಂ ಕೋರ್ಟ್ 2012ರ ಕಸಬ್ ತೀರ್ಪಿನಲ್ಲಿ ಕಟುವಾಗಿ ಟೀಕಿಸಿತ್ತು. ಸೇನಾ ಕಾರ್ಯಾಚರಣೆಯನ್ನು ನೇರವಾಗಿ ತೋರಿಸಬಾರದೆಂದು ಕೇಂದ್ರ ವಾರ್ತಾ ಸಚಿವಾಲಯ 2025ರ ಏಪ್ರಿಲ್ 26ರಂದೇ ಸೂಚಿಸಿತ್ತು. ಆ ಸೂಚನೆ ಸರಿಯಾದದ್ದು. ಆದರೆ ತೋರಿಸಲು ಏನೂ ಇಲ್ಲದಿರುವಾಗ ಇಪ್ಪತ್ತನಾಲ್ಕು ಗಂಟೆ ತುಂಬಲೇಬೇಕೆಂಬ ಹಟವೇ ಊಹೆಯನ್ನು ಸುದ್ದಿಯಾಗಿಸಿತು. ಅದರ ಜತೆಗೆ ವಾಯುದಾಳಿಯ ಸೈರನ್ ಬೇರೆ! ಅದನ್ನು ಕಾರ್ಯಕ್ರಮಗಳಲ್ಲಿ ಬಳಸಬೇಡಿ ಎಂದು ಮೇ 10ರಂದು ಸರ್ಕಾರವೇ ಹೇಳಬೇಕಾಯಿತು. ತೈಲ ಸಂಸ್ಕರಣಾಗಾರವೂ ಬಂದರೂ ಇರುವ ಊರಿನಲ್ಲಿ ಜನರ ಕಿವಿ ಆ ಸದ್ದಿಗೆ ಒಗ್ಗಿಹೋದರೆ ಅಪಾಯ ಯಾರಿಗೆ?

ಚರ್ಚೆಗಳ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ನಮ್ಮ ವಿಮಾನಗಳಿಗೆ ನಷ್ಟವಾಗಿದೆಯೇ ಎಂದು ಕೇಳಿದ ಅತಿಥಿಯೊಬ್ಬರನ್ನು ದೇಶದ್ರೋಹಿಯೆಂಬಂತೆ ಬಾಯಿ ಮುಚ್ಚಿಸಿದ್ದನ್ನು ನೋಡಿದೆ. ಕಾದಾಟದಲ್ಲಿ ನಷ್ಟ ಸಹಜವೆಂದು ಏರ್ ಮಾರ್ಷಲ್ ಎ.ಕೆ. ಭಾರ್ತಿ ಮೇ 11ರಂದು ಹೇಳಿದರು. ವಿಮಾನ ಕಳೆದುಕೊಂಡದ್ದನ್ನು ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಮೇ 31ರಂದು ಸಿಂಗಾಪುರದಲ್ಲಿ ವಿದೇಶಿ ಮಾಧ್ಯಮಗಳೆದುರು ಒಪ್ಪಿಕೊಂಡರು. ಸೇನೆ ತಾನೇ ಹೇಳಬಲ್ಲ ಮಾತನ್ನು ಕೇಳಲು ಈ ನಿರೂಪಕರು ಬಿಡಲಿಲ್ಲ. ಕಾರ್ಗಿಲ್ ವಿಜಯ ದಿವಸದಂದು ಕದ್ರಿಯ ಯುದ್ಧ ಸ್ಮಾರಕಕ್ಕೆ ಹೂವಿಡಲು ಬರುವ ಜನರ ಅಭಿಮಾನ ಇಂಥ ಪ್ರಶ್ನೆಗೆ ಕುಸಿಯುವಷ್ಟು ದುರ್ಬಲವೆಂದು ಭಾವಿಸುವುದೇ ಅವರಿಗೆ ಮಾಡುವ ಅವಮಾನ. ಆದರೂ ನಾವೆಲ್ಲ ಆ ಕೂಗಾಟವನ್ನು ತಡರಾತ್ರಿಯವರೆಗೂ ನೋಡಿದೆವು, ವಾಟ್ಸ್‌ಆ್ಯಪಿನಲ್ಲಿ ಹಂಚಿದೆವು. ಕೊಳ್ಳುವವರಿಲ್ಲದೆ ಯಾರೂ ಮಾರುವುದಿಲ್ಲ.

ಹೋಲಿಕೆಗೆ, ಮಂಗಳೂರು ಆಕಾಶವಾಣಿಯಲ್ಲಿ ಬರುವ ಪ್ರದೇಶ ಸಮಾಚಾರ ಕೆಲವೇ ನಿಮಿಷಗಳಲ್ಲಿ ಖಚಿತವಾದುದನ್ನು ಹೇಳಿ ಮುಗಿಸುತ್ತಿತ್ತು. ಸರ್ಕಾರ ಹೇಳದ್ದನ್ನು ಅದೂ ಹೇಳುವುದಿಲ್ಲ ಎಂಬ ಮಿತಿ ಇದ್ದೇ ಇದೆ, ಆದರೆ ಇಲ್ಲದ್ದನ್ನು ಸೇರಿಸುವುದಿಲ್ಲ.

ಸುದ್ದಿ ವಾಹಿನಿಗಳಿಗೆ ಐದರಲ್ಲಿ ಒಂದೂವರೆ ಅಂಕ, ಅದೂ ಪತ್ರಿಕಾಗೋಷ್ಠಿಗಳನ್ನು ಪೂರ್ತಿ ಪ್ರಸಾರ ಮಾಡಿದ್ದಕ್ಕೆ. ಸಂಪರ್ಕ ಕಡಿತಗೊಳಿಸಬೇಕಿಲ್ಲ, ಇಂಥ ದಿನಗಳು ಮತ್ತೆ ಬಂದರೆ ಅಧಿಕಾರಿಗಳು ಮಾತನಾಡುವ ಹೊತ್ತಿಗೆ ಸರ್ಕಾರಿ ದೂರದರ್ಶನ ವಾಹಿನಿ ಹಾಕಿ, ಉಳಿದ ವಿವರಕ್ಕೆ ಮರುದಿನದ ಪತ್ರಿಕೆ ಕಾಯಿರಿ.