ಕೆರೆಗೊಂದು, ಅಳಿವೆಗೊಂದು, ಕಡಲಿಗೊಂದು: ಮೂರು ಗಾಳದ ರಾಡುಗಳನ್ನು ಬಳಸಿ ನೋಡಿದ ಮೇಲೆ

ಕಾಸರಗೋಡಿನ ಕಡೆ ಗಾಳ ಹಾಕುವವರಿಗೆ ಒಂದೇ ದಿನದಲ್ಲಿ ಮೂರು ಬಗೆಯ ನೀರು ಸಿಗುತ್ತದೆ. ಬೆಳಗ್ಗೆ ಅಡಕೆ ತೋಟದ ಕೆರೆಯಲ್ಲೋ ನೀರು ತುಂಬಿದ ಹಳೆಯ ಕೆಂಪುಕಲ್ಲಿನ ಕೋರೆಯಲ್ಲೋ ಕುಳಿತವರು ಮಧ್ಯಾಹ್ನ ಮೊಗ್ರಾಲಿನ ಅಥವಾ ಕುಂಬಳೆಯ ಅಳಿವೆಗೆ ಹೋಗಬಹುದು, ಸಂಜೆಗೆ ಕಡಲ ತಡಿಯಲ್ಲಿ ನಿಲ್ಲಬಹುದು. ಈ ಮೂರಕ್ಕೂ ಒಂದೇ ರಾಡ್ ಸಾಕೆಂದು ನಂಬಿ ಶುರು ಮಾಡಿದ ನಾನು ಎರಡೂವರೆ ವರ್ಷಗಳಲ್ಲಿ ಮೂರು ರಾಡುಗಳನ್ನು ಕೊಂಡಿದ್ದೇನೆ. ಅವುಗಳ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ತಯಾರಕರ ಹೆಸರುಗಳನ್ನು ಬಿಟ್ಟಿದ್ದೇನೆ, ಏಕೆಂದರೆ ನನಗಾದ ನಷ್ಟದ ಬಹುಪಾಲು ನನ್ನ ಆಯ್ಕೆಯಿಂದಲೇ ಆದದ್ದು.

ಮೊದಲನೆಯದು 7 ಅಡಿಯ, ಎರಡು ತುಂಡಿನ ‘ಹೆವಿ’ ರಾಡ್. ಬೆಲೆ 2,400 ರೂಪಾಯಿ. ಅಂಗಡಿಯ ಹುಡುಗ ಅದನ್ನು ಕೈಗೆ ಕೊಡುತ್ತ, “ಮಾಷ್ಟ್ರೇ, ಇದು ಹೆವಿ, ಎಂಥ ಮೀನು ಬಂದರೂ ಮುರಿಯುವುದಿಲ್ಲ” ಎಂದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಆದರೆ ನಾನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆಯಾಗಿತ್ತು. ಮರುವಾರ ಅದನ್ನು ಕುಂಬಳೆಯ ಅಳಿವೆಗೆ ಒಯ್ದು, 8 ಗ್ರಾಂ ಸೀಸಕ್ಕೆ ಸಿಗಡಿಯ ಚೂರು ಕಟ್ಟಿ, ಕಾಣೆ ಮೀನಿಗೆಂದು ಬೀಸಿದೆ. ಸೀಸ ನನ್ನ ಮುಂದೆ ಏಳೆಂಟು ಮಾರು ದೂರದಲ್ಲೇ ಬಿತ್ತು. ಪಕ್ಕದಲ್ಲಿ ತೆಳ್ಳಗಿನ ರಾಡ್ ಹಿಡಿದಿದ್ದವರು ಅದೇ ತೂಕವನ್ನು ನೀರಿನ ನಡುವಿಗೆ ಸಲೀಸಾಗಿ ಎಸೆಯುತ್ತಿದ್ದರು. ಕಾಣೆ ಮರಳಿನ ತಳದಲ್ಲಿ ಮೆಲ್ಲನೆ ಎರೆಯನ್ನು ಮುಟ್ಟುವ ಮೀನು. ನನ್ನ ರಾಡಿನ ಗಟ್ಟಿ ತುದಿಗೆ ಆ ಸುಳಿವೇ ತಾಗುತ್ತಿರಲಿಲ್ಲ. ಗಾಳ ಮಾತ್ರ ಪ್ರತಿಸಲವೂ ಎರೆಯಿಲ್ಲದೆ ಖಾಲಿಯಾಗಿ ಬರುತ್ತಿತ್ತು.

ಮನೆಗೆ ಬಂದು ಹಿಡಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದಿದಾಗ ವಿಷಯ ತಿಳಿಯಿತು. ಅಲ್ಲಿ 15ರಿಂದ 45 ಗ್ರಾಂ ಎಂದು ಅಚ್ಚಾಗಿತ್ತು. ರಾಡ್ ಎಸೆಯುವುದು ನಮ್ಮ ತೋಳಿನ ಬಲವೊಂದರಿಂದಲ್ಲ; ತುದಿಯಲ್ಲಿರುವ ತೂಕ ರಾಡನ್ನು ಬಾಗಿಸಬೇಕು, ಬಾಗಿದ ರಾಡ್ ನೆಟ್ಟಗಾಗುವಾಗ ಆ ತೂಕವನ್ನು ಚಿಮ್ಮಿಸಬೇಕು. 8 ಗ್ರಾಂ ತೂಕಕ್ಕೆ ಆ ರಾಡ್ ಬಾಗುವುದೇ ಇಲ್ಲ. ಹಾಗಾಗಿ ಯಾವ ಮೀನು, ಎಷ್ಟು ಕಿಲೋ ಎಂದು ಯೋಚಿಸುವ ಮೊದಲು, ನಾನು ಎಸೆಯಲಿರುವುದು ಎಷ್ಟು ಗ್ರಾಂ, ಕಚ್ಚಿದ ಮೀನು ಎಲ್ಲಿಗೆ ಓಡುತ್ತದೆ ಎಂಬ ಎರಡನ್ನು ತೀರ್ಮಾನಿಸಿಕೊಳ್ಳಬೇಕು. ‘ಪವರ್’ ಎಂದರೆ ರಾಡನ್ನು ಬಾಗಿಸಲು ಬೇಕಾಗುವ ಬಲ, ‘ಆ್ಯಕ್ಷನ್’ ಎಂದರೆ ಅದು ಬಾಗುವ ಜಾಗ. ‘ಫಾಸ್ಟ್’ ಎಂದು ಬರೆದದ್ದು ತುದಿಯ ಬಳಿ ಮಾತ್ರ ಬಾಗುತ್ತದೆ, ‘ಮಾಡರೇಟ್’ ನಡುವಿನಿಂದಲೇ ಬಾಗುತ್ತದೆ. ಈ ಎರಡನ್ನು ಒಂದೇ ಎಂದು ತಿಳಿದವರು ಅಂಗಡಿಯ ಒಳಗೂ ಇದ್ದಾರೆ, ಹೊರಗೂ ಇದ್ದಾರೆ.

ಅಳಿವೆಯಲ್ಲಿ ಸೋತ ಅದೇ ರಾಡ್ ಕೆರೆಯಲ್ಲಿ ಗೆದ್ದಿತು. ಮಲಯಾಳದ ನೆರೆಯವರು ವರಾಲ್ ಎನ್ನುವ ಕೊರವ ಮೀನು ಪಾಚಿ, ತಾವರೆ ಎಲೆಗಳ ಅಡಿಯಲ್ಲಿ ಅಡಗಿರುತ್ತದೆ. ಅದಕ್ಕೆ ಹಾಕುವ ರಬ್ಬರಿನ ಕಪ್ಪೆ ಸುಮಾರು 15 ಗ್ರಾಂ ತೂಗುತ್ತದೆ, ರಾಡಿಗೆ ಸರಿಯಾದ ತೂಕ. ಕಪ್ಪೆಯ ಮೇಲೆ ಕೊರವ ಎರಗಿದ ಮೇಲೆ ಅದಕ್ಕೆ ಬಳ್ಳಿಗಳೊಳಗೆ ನುಗ್ಗಲು ಬಿಡಬಾರದು, ಒಂದೇ ಎಳೆತಕ್ಕೆ ಮೇಲೆ ತರಬೇಕು. ಇಲ್ಲಿ ಗಟ್ಟಿತನವೇ ಗುಣ. ಅಳಿವೆಯಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಇರುವ ಕೆಂಬೇರಿ ಮೀನಿಗೂ ಇದೇ ಮಾತು ಸಲ್ಲುತ್ತದೆ, ಏಕೆಂದರೆ ಕಚ್ಚಿದ ಕ್ಷಣದಲ್ಲೇ ಅದು ಬೇರಿನ ಸಂದಿಗೆ ತಿರುಗುತ್ತದೆ. ಒಂದು ಕಿಲೋ ಕೆಂಬೇರಿಗೆ ಬೇಕಾದ ರಾಡ್, ಬಯಲು ನೀರಿನ ಮೂರು ಕಿಲೋ ಮೀನಿಗೆ ಬೇಕಾದುದಕ್ಕಿಂತ ಗಟ್ಟಿಯಾಗಿರಬೇಕಾಗುತ್ತದೆ. ಕೊರವದ ಕೆಂಪು ಮರಿಗಳ ಗುಂಪು ಕೆರೆಯ ನೀರಿನ ಮೇಲೆ ಕುದಿಯುವಂತೆ ಕಂಡಲ್ಲಿ ಮಾತ್ರ ನಾನು ಕಪ್ಪೆ ಎಸೆಯುವುದಿಲ್ಲ. ಮರಿ ಕಾಯುವ ತಾಯಿ ತಂದೆ ಖಂಡಿತ ಎರಗುತ್ತವೆ, ಆದರೆ ಅವುಗಳನ್ನು ಹಿಡಿದರೆ ಮರಿಗಳು ಉಳಿಯುವುದಿಲ್ಲ.

ಎರಡನೆಯದು 8 ಅಡಿಯ ‘ಮೀಡಿಯಂ’ ಕಾರ್ಬನ್ ರಾಡ್. 7ರಿಂದ 28 ಗ್ರಾಂ. ಬೆಲೆ 4,100 ರೂಪಾಯಿ. ಮೂರರಲ್ಲಿ ಇದೇ ನನ್ನ ಮೆಚ್ಚಿನದು. ಕಾಳಾಂಜಿ ಮೀನಿಗೆಂದು ಮಿನ್ನೋ (ಸಣ್ಣ ಮೀನಿನಾಕಾರದ ಕೃತಕ ಎರೆ) ಎಸೆದರೂ, ಕಾಣೆಗೆಂದು 10 ಗ್ರಾಂ ಸೀಸ ಕಟ್ಟಿದರೂ ಬೇಸರಿಸದೆ ಕೆಲಸ ಮಾಡುತ್ತದೆ. ಕಾಳಾಂಜಿ ನೀರಿನಿಂದ ಹಾರಿ ತಲೆ ಕೊಡವುವಾಗ ತುದಿ ಬಾಗಿ ನೂಲನ್ನು ಬಿಗಿಯಾಗಿಯೇ ಇಡುತ್ತದೆ. ಅದರ ಕಿವಿರಿನ ಮುಚ್ಚಳದ ಅಂಚು ನೂಲನ್ನು ಕತ್ತರಿಸುವಷ್ಟು ಹರಿತ, ಆದ್ದರಿಂದ ದಪ್ಪ ಲೀಡರ್, ಅಂದರೆ ಗಾಳದ ಬಳಿಯ ತುಂಡು ನೂಲು, ಕಟ್ಟುವುದನ್ನು ಮಾತ್ರ ಮರೆಯಬಾರದು. ಎರಡು ತುಂಡು ಮಾಡಿದರೆ ನಾಲ್ಕು ಅಡಿಯಾಗುವುದರಿಂದ ಮಂಗಳೂರು ಬಸ್ಸಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಕೂರಬಹುದು.

ಇದರಲ್ಲಿಯೂ ಒಂದು ತೊಂದರೆ ಕಂಡಿತು. ಏಳು ತಿಂಗಳ ಮೇಲೆ ಬ್ರೇಡ್ (ಎಳೆಗಳನ್ನು ಹೆಣೆದ) ನೂಲು ಕಾರಣವಿಲ್ಲದೆ ಹುರಿಬಿಚ್ಚಿ ತುಂಡಾಗತೊಡಗಿತು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ರಾಡಿನುದ್ದಕ್ಕೂ ನೂಲು ಹಾಯುವ ಗೈಡುಗಳ ಉಂಗುರದೊಳಗೆ ಒಂದೊಂದಾಗಿ ತಿರುಗಿಸಿ ನೋಡಿದೆ. ತುದಿಯ ಉಂಗುರದಲ್ಲಿ ಹತ್ತಿಯ ಎಳೆಯೊಂದು ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಅಲ್ಲಿತ್ತು. ತುದಿಯ ಗೈಡನ್ನು ಬದಲಿಸಲು 150 ರೂಪಾಯಿ ತಗಲಿತು. ಹೊಸ ರಾಡನ್ನು ಕೊಳ್ಳುವಾಗಲೇ ಅಂಗಡಿಯಲ್ಲಿ ಈ ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಉಪ್ಪುನೀರಿನಿಂದ ಬಂದ ದಿನವೇ ಸಿಹಿನೀರಿನಲ್ಲಿ ತೊಳೆಯದಿದ್ದರೆ ಗೈಡಿನ ಕಾಲುಗಳಲ್ಲಿ ತುಕ್ಕು ಶುರುವಾಗುತ್ತದೆ.

ಕಾರ್ಬನ್ ಬಗ್ಗೆ ಅಡಕೆ ಬೆಳೆಗಾರರಿಗೆ ಹೆಚ್ಚು ವಿವರಿಸಬೇಕಿಲ್ಲ. ಗೊನೆ ತೆಗೆಯುವ ಕಾರ್ಬನ್ ಫೈಬರ್ ದೋಟಿ ಈಗ ನಮ್ಮ ತೋಟಗಳಲ್ಲಿ ಪರಿಚಿತ ವಸ್ತು. ಹಗುರ, ಬಲವುಳ್ಳದ್ದು, ಆದರೆ ಪಕ್ಕಕ್ಕೆ ಪೆಟ್ಟು ಬಿದ್ದರೆ ಸೀಳುತ್ತದೆ, ವಿದ್ಯುತ್ ತಂತಿಗೆ ತಾಗಿದರೆ ಪ್ರಾಣಕ್ಕೇ ಅಪಾಯ. ರಾಡಿನದೂ ಅದೇ ಜಾತಿ. ತಂತಿ ಹಾದುಹೋದ ಜಾಗದಲ್ಲಿ ಬೀಸುವುದನ್ನೂ, ಗುಡುಗು ಶುರುವಾದ ಮೇಲೆ ಹಿಡಿದು ನಿಲ್ಲುವುದನ್ನೂ ಬಿಡಬೇಕು. ಫೈಬರ್ ಗ್ಲಾಸ್ ಭಾರವಾದರೂ ಪೆಟ್ಟು ತಾಳುತ್ತದೆ. ಎರಡನ್ನೂ ಬೆರೆಸಿದ ರಾಡುಗಳೂ ಸಿಗುತ್ತವೆ. 1976ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ‘ಅಗ್ಲಿ ಸ್ಟಿಕ್’ ಈ ಬಗೆಯಲ್ಲಿ ಹೆಸರಾದದ್ದು. ಹೊಸಬರಿಗೆ, ಅದರಲ್ಲೂ ಮಕ್ಕಳಿಗೆ ನಾನು ಸೂಚಿಸುವುದು ಇಂಥ ಮಿಶ್ರಣವನ್ನೇ.

ಮೂರನೆಯದು 12 ಅಡಿಯ ಮಡಚುವ, ಅಂದರೆ ಒಂದರೊಳಗೊಂದು ಸೇರುವ, ಕಡಲ ರಾಡ್. ಬೆಲೆ 1,900 ರೂಪಾಯಿ. ತಡಿಯಲ್ಲಿ ನಿಂತು 80–100 ಗ್ರಾಂ ಸೀಸವನ್ನು ಒಡೆಯುವ ತೆರೆಗಳಾಚೆ ಎಸೆಯಲು, ಎಸೆದ ನೂಲನ್ನು ತೆರೆಯ ಮೇಲೆ ಎತ್ತಿ ಹಿಡಿಯಲು ಇಷ್ಟು ಉದ್ದ ಬೇಕೇ ಬೇಕು. ಉದ್ದದ ಬಗ್ಗೆ ನನ್ನ ತಕರಾರಿಲ್ಲ, ಮಡಚುವುದರ ಬಗ್ಗೆ ಇದೆ. ನಾಲ್ಕನೆಯ ಸಲಕ್ಕೇ ಕೀಲುಗಳಲ್ಲಿ ಮರಳು ಸೇರಿ ಮೂರನೆಯ ತುಂಡು ಒಳಗೆ ಹೋಗಲೊಪ್ಪಲಿಲ್ಲ. ನಾನು ಮೊಣಕಾಲಿಗೆ ಒತ್ತಿ ತಿರುಗಿಸಿದೆ, ಅದು ಉದ್ದಕ್ಕೆ ಸೀಳಿತು. ಮಾರಿದವರು ಬದಲಿ ತುಂಡು ಸಿಗುವುದಿಲ್ಲವೆಂದು ಕೈಚೆಲ್ಲಿದರು. ಕಡಲಿಗೆ ಕೊಳ್ಳುವುದಾದರೆ ಎರಡು ಅಥವಾ ಮೂರು ತುಂಡುಗಳನ್ನು ಸಿಕ್ಕಿಸುವ ರಾಡನ್ನೇ ಕೊಳ್ಳಿ. ಬಂದರಿನ ಕಲ್ಲಿನ ಮೇಲೆ ನಿಂತು ಹಿಡಿಯುವವರಿಗೆ ಇನ್ನೊಂದು ಮಾತು: ಮೀನನ್ನು ಎತ್ತುವಾಗ ರಾಡನ್ನು ನೆಟ್ಟಗೆ ಆಕಾಶಕ್ಕೆ ಹಿಡಿದರೆ ಭಾರವೆಲ್ಲ ತೆಳು ತುದಿಯ ಮೇಲೆ ಬೀಳುತ್ತದೆ. ಉದ್ದ ಹಿಡಿಯ ಬಲೆ ಜೊತೆಗಿರಲಿ.

ಕರಿಮೀನಿಗೆ ಈ ಮೂರೂ ಬೇಡ. ಅದರ ಪುಟ್ಟ ಬಾಯಿಗೆ ಸಣ್ಣ ಗಾಳ, ನವಿಲುಗರಿಯ ದಂಟಿನ ತೇಲು, ಅಜ್ಜ ಬಳಸುತ್ತಿದ್ದಂಥ ಓಟೆಯ ಕೋಲು ಸಾಕು. ಅದರ ಮೆದು ಬಾಗುವಿಕೆಯನ್ನು ಸಾವಿರ ರೂಪಾಯಿಯ ಒಳಗಿನ ಯಾವ ರಾಡಿನಲ್ಲೂ ನಾನು ಕಂಡಿಲ್ಲ. ಮೊದಲ ಮಳೆಗೆ ಮೊಟ್ಟೆಯಿಡಲು ತೋಡು ಹತ್ತಿ ಗದ್ದೆಗೆ ಬರುವ ಮೀನುಗಳನ್ನು ಹಿಡಿಯುವುದಕ್ಕೆ ಕೇರಳದಲ್ಲಿ ನಿಷೇಧವಿದೆ, ಆಗ ಕೋಲೂ ರಾಡೂ ಅಟ್ಟದ ಮೇಲಿರಲಿ.

ಈಗಿನ ಲೆಕ್ಕದಲ್ಲಿ ಒಂದನ್ನೇ ಕೊಳ್ಳುವವರಿಗೆ ನಾನು ಹೇಳುವುದು 8 ಅಡಿಯ ಮೀಡಿಯಂ ರಾಡನ್ನು. ಕೆರೆ, ಕಾಂಡ್ಲಾಗಳಲ್ಲಿ ಹೆಚ್ಚು ಸುತ್ತುವವರಿಗೆ 7 ಅಡಿಯ ಹೆವಿಯನ್ನು. ಮಡಚುವ ರಾಡಿನ ಉಳಿದ ಬುಡದ ತುಂಡಿಗೆ ಮನೆಯಲ್ಲಿ ಕೊಕ್ಕೆ ಕಟ್ಟಿ, ಹಿತ್ತಿಲ ಪೇರಳೆ ಕೊಯ್ಯಲು ಇಟ್ಟುಕೊಂಡಿದ್ದಾರೆ.