ರೈಪ್ ಡೇಟಾಬೇಸ್‌ನ ಸರ್ಟಿಫಿಕೇಟ್ ದೃಢೀಕರಣ: ಹಳೆಯ ಸಾಲು ಅಳಿಸಿದವರಿಗೆ ಮಾತ್ರ ಪ್ರಯೋಜನ

ಯಾವ ಐಪಿ ವಿಳಾಸಗಳು ಯಾರ ಹೆಸರಿನಲ್ಲಿವೆ, ಅವುಗಳನ್ನು ಯಾವ ನೆಟ್‌ವರ್ಕ್ ಘೋಷಿಸಬಹುದು ಎಂಬ ದಾಖಲೆಗಳನ್ನು ಯುರೋಪ್, ಪಶ್ಚಿಮ ಏಷ್ಯಾ ಮತ್ತು ಮಧ್ಯ ಏಷ್ಯಾದ ದೇಶಗಳಿಗಾಗಿ ನಿರ್ವಹಿಸುವುದು ಆಮ್‌ಸ್ಟರ್‌ಡ್ಯಾಮ್‌ನಲ್ಲಿರುವ ರೈಪ್ ಎನ್‌ಸಿಸಿ. ಅದರ ಡೇಟಾಬೇಸ್ ಹಂಚಿಕೆಯ ಆಸ್ತಿ. ಸಾವಿರಾರು ಸಂಸ್ಥೆಗಳು ತಮ್ಮ ತಮ್ಮ ದಾಖಲೆಗಳನ್ನು ತಾವೇ ತಿದ್ದುತ್ತವೆ. ಹೀಗೆ ತಿದ್ದಲು ಬಂದವರು ಅದಕ್ಕೆ ಅಧಿಕಾರ ಉಳ್ಳವರೇ ಎಂದು ಪರೀಕ್ಷಿಸಲು ಇರುವ ವಿಧಾನಗಳಲ್ಲಿ ಎಕ್ಸ್.509 ಸರ್ಟಿಫಿಕೇಟ್, ಅಂದರೆ ಕೀಲಿಯೊಂದು ಯಾರದೆಂದು ಹೇಳುವ ಡಿಜಿಟಲ್ ಪ್ರಮಾಣಪತ್ರ, ಒಂದು. ಸ್ವಯಂಚಾಲಿತವಾಗಿ ದಾಖಲೆ ತಿದ್ದುವ ನೆಟ್‌ವರ್ಕ್ ತಂಡಗಳಿಗೆ ಇದನ್ನು ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇನೆ. ಆದರೆ ಇದಕ್ಕೊಂದು ಷರತ್ತಿದೆ, ಮತ್ತು ಬಹಳಷ್ಟು ಮಂದಿ ಆ ಷರತ್ತನ್ನು ಅರ್ಧದಲ್ಲೇ ಬಿಟ್ಟಿರುತ್ತಾರೆ.

ಹಿಂದಿನ ವಿಧಾನಗಳ ದೌರ್ಬಲ್ಯ ತಿಳಿದರೆ ಸರ್ಟಿಫಿಕೇಟ್‌ನ ಬೆಲೆ ಅರ್ಥವಾಗುತ್ತದೆ. ಒಂದು ಕಾಲದಲ್ಲಿ ಮೇಲ್ ಕಳುಹಿಸಿದವರ ವಿಳಾಸ ಹೊಂದಿಕೆಯಾದರೆ ಸಾಕು, ಬದಲಾವಣೆ ಒಪ್ಪಿಗೆಯಾಗುತ್ತಿತ್ತು; ಆ ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದಿತ್ತು. ಅನಂತರದ ಕ್ರಿಪ್ಟ್ ಪಾಸ್‌ವರ್ಡ್ ಮೊದಲ 8 ಅಕ್ಷರಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಆಮೇಲೆ ಬಂದ ಎಂಡಿ5 ಪಾಸ್‌ವರ್ಡ್‌ನ ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕಹಾಕಿದ ಗುಪ್ತರೂಪ) ಬಹುಕಾಲ ಹೂಈಸ್ ಎಂಬ ಸಾರ್ವಜನಿಕ ಹುಡುಕಾಟದಲ್ಲಿ ಎಲ್ಲರಿಗೂ ಕಾಣುತ್ತಿದ್ದುದರಿಂದ, ಅದನ್ನು ಇಳಿಸಿಕೊಂಡು ತಮ್ಮ ಯಂತ್ರದಲ್ಲೇ ಬಿಡುವಾಗಿ ಊಹಿಸುತ್ತಾ ಕೂರಲು ಯಾರಿಗೂ ಅಡ್ಡಿಯಿರಲಿಲ್ಲ. ಅದನ್ನು ಮರೆಮಾಡಿದ್ದು ತಡವಾಗಿ. ಇಷ್ಟರ ಮೇಲೆ ಪಾಸ್‌ವರ್ಡನ್ನು ಮೇಲ್‌ನ ಒಡಲಿನಲ್ಲೇ ಬರೆಯುವ, ಇಲ್ಲವೇ ವೆಬ್ ವಿಳಾಸದ ತುದಿಗೆ ಅಂಟಿಸುವ ರೂಢಿಯಿತ್ತು. ಅಂಥ ವಿಳಾಸ ಲಾಗ್‌ನಲ್ಲಿ ಉಳಿಯುತ್ತದೆ, ಲಾಗ್ ಎಲ್ಲೆಲ್ಲಿಗೋ ನಕಲಾಗುತ್ತದೆ.

ಪಿಜಿಪಿ ಎಂಬ ಡಿಜಿಟಲ್ ಸಹಿಯಿಂದ ದೃಢೀಕರಿಸುವ ಕ್ರಮವನ್ನು 1999ರಲ್ಲೇ ಆರ್‌ಎಫ್‌ಸಿ 2726 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆ ವಿವರಿಸಿತ್ತು. ಎಕ್ಸ್.509 ಸೇರಿದ್ದು ಅದೇ ಚೌಕಟ್ಟಿಗೆ: ಸಹಿ ಪರೀಕ್ಷಿಸುವ ಸಾರ್ವಜನಿಕ ಕೀಲಿ ಡೇಟಾಬೇಸ್‌ನಲ್ಲಿರುತ್ತದೆ, ಸಹಿ ಹಾಕುವ ಖಾಸಗಿ ಕೀಲಿ ನಿಮ್ಮ ಯಂತ್ರವನ್ನು ಬಿಟ್ಟು ಹೊರಗೆ ಹೋಗುವುದೇ ಇಲ್ಲ. ಕದಿಯಲು ಯೋಗ್ಯವಾದದ್ದು ಯಾವುದೂ ದಾರಿಯಲ್ಲಿ ಸಾಗುವುದಿಲ್ಲ ಎಂಬುದೇ ಇದರ ದೊಡ್ಡ ಗುಣ.

ಅಳವಡಿಕೆ ಕಷ್ಟವಲ್ಲ, ಆದರೆ ತಾಳ್ಮೆ ಬೇಡುತ್ತದೆ. ಮೊದಲು ಕೀ-ಸರ್ಟ್ ಎಂಬ ದಾಖಲೆಯನ್ನು ರಚಿಸಬೇಕು. ಹೆಸರಿನ ಜಾಗದಲ್ಲಿ ಆಟೋ-1 ಎಂದು ಬರೆದರೆ ವ್ಯವಸ್ಥೆಯೇ ಎಕ್ಸ್509 ಎಂದು ಆರಂಭವಾಗಿ ಒಂದು ಸಂಖ್ಯೆಯಲ್ಲಿ ಮುಗಿಯುವ ಹೆಸರನ್ನು ಕೊಡುತ್ತದೆ. ಸರ್ಟಿಫಿಕೇಟ್‌ನ ಪಠ್ಯವನ್ನು, ಅದರ ಆರಂಭದ ಮತ್ತು ಅಂತ್ಯದ ಗುರುತಿನ ಸಾಲುಗಳನ್ನೂ ಬಿಡದೆ, ಪ್ರತಿ ಸಾಲಿನ ಮುಂದೆ ‘ಸರ್ಟಿಫ್’ ಎಂಬ ಗುಣನಾಮ ಇಟ್ಟು ತುಂಬಬೇಕು. ಮಾಲೀಕರ ವಿವರ, ಸರ್ಟಿಫಿಕೇಟ್‌ನ ಗುರುತಾದ ‘ಬೆರಳಚ್ಚು’ ಮುಂತಾದವನ್ನು ಡೇಟಾಬೇಸ್ ತಾನೇ ಓದಿ ಬರೆದುಕೊಳ್ಳುತ್ತದೆ. ಬಳಿಕ ನಿಮ್ಮ ಮೇಂಟೈನರ್ ದಾಖಲೆಯಲ್ಲಿ (ನಿಮ್ಮ ದಾಖಲೆಗಳನ್ನು ಯಾರು ತಿದ್ದಬಹುದು ಎಂದು ಹೇಳುವ ದಾಖಲೆ) ಆ ಹೆಸರನ್ನು ಸೂಚಿಸುವ ‘ಆಥ್’ ಸಾಲೊಂದನ್ನು ಸೇರಿಸಬೇಕು. ಇಲ್ಲಿ ಸರ್ಟಿಫಿಕೇಟ್ ಕೊಟ್ಟ ಪ್ರಾಧಿಕಾರ ಯಾವುದು ಎಂಬುದು ಮುಖ್ಯವಲ್ಲ, ಸ್ವಯಂ ಸಹಿ ಮಾಡಿದ್ದೂ ನಡೆಯುತ್ತದೆ, ಏಕೆಂದರೆ ನಂಬಿಕೆ ನಿಂತಿರುವುದು ಆ ಒಂದು ಸಾಲಿನ ಮೇಲೆ. ಖಾಸಗಿ ಕೀಲಿ ಸೋರಿದೆ ಎಂಬ ಅನುಮಾನ ಬಂದರೆ ಆ ಸಾಲನ್ನು ನೀವೇ ತಕ್ಷಣ ಅಳಿಸಬೇಕು.

ಬಳಕೆಗೆ ಎರಡು ದಾರಿಗಳಿವೆ. ಒಂದು, ಎಸ್‌ಮೈಮ್ ಎಂಬ ಕ್ರಮದಲ್ಲಿ ಸರ್ಟಿಫಿಕೇಟ್‌ನ ಕೀಲಿಯಿಂದ ಸಹಿ ಹಾಕಿದ ಮೇಲ್. ಇನ್ನೊಂದು, ಸುರಕ್ಷಿತ ವೆಬ್ ಸಂಪರ್ಕ ಏರ್ಪಡುವಾಗಲೇ ಸರ್ಟಿಫಿಕೇಟ್ ತೋರಿಸುವ ಕ್ಲೈಂಟ್ ದೃಢೀಕರಣ. ಮೇಲ್‌ನಲ್ಲಿ ಸಹಿ ಬೀಳುವುದು ಬದಲಾವಣೆಯ ಪಠ್ಯದ ಮೇಲೆಯೇ ಆದ್ದರಿಂದ, ಯಾರು ಏನನ್ನು ಕೇಳಿದರು ಎಂಬುದಕ್ಕೆ ಆ ಮೇಲ್ ಸಾಕ್ಷಿಯಾಗಿ ಉಳಿಯುತ್ತದೆ. ಕ್ಲೈಂಟ್ ದೃಢೀಕರಣ ಸಾಬೀತುಪಡಿಸುವುದು ಸಂಪರ್ಕ ಯಾರದು ಎಂಬುದನ್ನು ಮಾತ್ರ. ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಮೊದಲನೆಯದು ಮೇಲು. ಆದರೂ ದಿನನಿತ್ಯದ ಸ್ಕ್ರಿಪ್ಟ್‌ಗಳಿಗೆ ಎರಡನೆಯದನ್ನೇ ನಾನು ಆರಿಸುತ್ತೇನೆ: ಉತ್ತರ ಕೂಡಲೇ ಬರುತ್ತದೆ, ಮತ್ತು ಸಂಸ್ಥೆಯ ಮೇಲ್ ಸರ್ವರ್ ತನ್ನ ಹಕ್ಕುನಿರಾಕರಣೆಯ ಸಾಲುಗಳನ್ನು ಕೊನೆಗೆ ಅಂಟಿಸಿ ಸಹಿಯನ್ನು ಕೆಡಿಸುವ ಕಾಟ ಇರುವುದಿಲ್ಲ.

ಇನ್ನು ಷರತ್ತಿನ ಮಾತು. ಮೇಂಟೈನರ್ ದಾಖಲೆಯಲ್ಲಿ ಎಷ್ಟು ‘ಆಥ್’ ಸಾಲುಗಳಿದ್ದರೂ ಅವುಗಳಲ್ಲಿ ಯಾವುದಾದರೂ ಒಂದು ಹೊಂದಿಕೆಯಾದರೆ ಬದಲಾವಣೆ ಅಂಗೀಕೃತವಾಗುತ್ತದೆ. ಒಂದು ದಾಖಲೆಗೆ ಹಲವು ಮೇಂಟೈನರ್‌ಗಳಿದ್ದಾಗಲೂ ನಿಯಮ ಅದೇ. ಹಾಗಾಗಿ ಸರ್ಟಿಫಿಕೇಟ್ ಸೇರಿಸಿ ಹಳೆಯ ಸಾಲನ್ನು, ಉದಾಹರಣೆಗೆ ಕೆಲಸ ಬಿಟ್ಟುಹೋದವರ ಪಿಜಿಪಿ ಕೀಲಿಯನ್ನು, ಹಾಗೆಯೇ ಉಳಿಸಿಕೊಂಡರೆ, ಮುಂಬಾಗಿಲಿಗೆ ಉಕ್ಕಿನ ಅಗಳಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟಂತೆ. ತುರ್ತಿಗೆ ಇರಲಿ ಎಂಬ ನೆಪದಲ್ಲಿ ಉಳಿಯುವ ಈ ಸಾಲುಗಳ ಬಗ್ಗೆ ನನಗೆ ನಿಜವಾದ ಆತಂಕವಿದೆ. ಅನೇಕ ಸೇವಾದಾತರು ತಮ್ಮ ರೂಟರ್‌ಗಳ ಫಿಲ್ಟರ್‌ಗಳನ್ನು ಇಂಥ ಡೇಟಾಬೇಸ್‌ಗಳ ರೂಟ್ ದಾಖಲೆಗಳಿಂದಲೇ (ಯಾವ ವಿಳಾಸಗಳನ್ನು ಯಾವ ನೆಟ್‌ವರ್ಕ್ ಘೋಷಿಸಬಹುದು ಎಂಬ ದಾಖಲೆಗಳು) ತಯಾರಿಸುತ್ತಾರೆ. ಸುಳ್ಳು ದಾಖಲೆಯೊಂದು ನುಸುಳಿದರೆ ಬೇರೆಯವರ ವಿಳಾಸಗಳ ಸಂಚಾರವನ್ನು ತಿರುಗಿಸಲು ಅನುಮತಿ ಸಿಕ್ಕಂತೆಯೇ. 2024ರ ಜನವರಿ 3ರಂದು ಆರೆಂಜ್ ಸ್ಪೇನ್‌ನ ರೈಪ್ ಎನ್‌ಸಿಸಿ ಖಾತೆಗೆ ದಾಳಿಕೋರನೊಬ್ಬ ನುಗ್ಗಿ ಆರ್‌ಪಿಕೆಐ ದಾಖಲೆಗಳನ್ನು (ವಿಳಾಸಗಳನ್ನು ಯಾವ ನೆಟ್‌ವರ್ಕ್ ಘೋಷಿಸಬಹುದು ಎಂದು ಸಹಿಯೊಂದಿಗೆ ಹೇಳುವ ದಾಖಲೆಗಳು) ತಿದ್ದಿದಾಗ, ಅಲ್ಲಿನ ಗ್ರಾಹಕರು ಕೆಲವು ಗಂಟೆಗಳ ಕಾಲ ಇಂಟರ್‌ನೆಟ್ ಅಡಚಣೆ ಅನುಭವಿಸಿದರು. ದಾಳಿಕೋರ ಬಳಸಿದ್ದು ಡೇಟಾಬೇಸ್ ಮೇಂಟೈನರ್‌ನ ಪಾಸ್‌ವರ್ಡ್ ಅಲ್ಲ, ಖಾತೆಯ ಪಾಸ್‌ವರ್ಡ್. ಎರಡನೇ ಹಂತದ ಪರಿಶೀಲನೆ ಅಲ್ಲಿ ಚಾಲನೆಯಲ್ಲಿರಲಿಲ್ಲ. ಎಂಡಿ5 ಪಾಸ್‌ವರ್ಡ್‌ಗಳನ್ನು ನಿಲ್ಲಿಸಲು ರೈಪ್ ಎನ್‌ಸಿಸಿ ಮುಂದಾದದ್ದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಹಳೆಯ ಕೀಲಿಗಳನ್ನು ಗುಡಿಸಿ ತೆಗೆಯುವ ಕೆಲಸ ಆಯಾ ತಂಡದ್ದೇ.

ಕೊರತೆ ಎನ್ನಬೇಕಾದದ್ದು ಇಲ್ಲಿಯೇ ಇದೆ. ಎರಡು ದೃಢೀಕರಣಗಳು ಒಟ್ಟಿಗೆ ಬೇಕು ಎಂದು ಹೇಳುವ ಅವಕಾಶ ಮೇಂಟೈನರ್‌ನಲ್ಲಿ ಇಲ್ಲ. ದೊಡ್ಡ ವಿಳಾಸ ಬ್ಲಾಕ್‌ಗಳಿಗಾದರೂ ಇಬ್ಬರ ಸಹಿ ಕಡ್ಡಾಯವಾಗಿಸುವ ಆಯ್ಕೆ ಇರಬೇಕಿತ್ತು. ಇನ್ನೊಂದು ತೊಂದರೆ ಅವಧಿಯದು: ಸರ್ಟಿಫಿಕೇಟ್‌ಗೆ ಕೊನೆಯ ದಿನಾಂಕ ಇದ್ದೇ ಇರುತ್ತದೆ, ಅದನ್ನು ನೆನಪಿಡುವ ಹೊಣೆ ನಿಮ್ಮದು. ಹಲವು ಸಾಲುಗಳಿಗೆ ಅವಕಾಶ ಇರುವುದು ಇಲ್ಲಿ ಮಾತ್ರ ವರವಾಗುತ್ತದೆ. ಹೊಸ ಸರ್ಟಿಫಿಕೇಟನ್ನು ಮುಂಚಿತವಾಗಿ ಸೇರಿಸಿ, ಅದರಿಂದ ಒಂದು ಸಣ್ಣ ಬದಲಾವಣೆ ಮಾಡಿ ನೋಡಿ, ಬಳಿಕ ಹಳೆಯದನ್ನು ತೆಗೆದುಬಿಡಬಹುದು.

ಒಂದೆರಡು ಬ್ಲಾಕ್‌ಗಳನ್ನಷ್ಟೇ ಹೊಂದಿದ್ದು, ಅಪರೂಪಕ್ಕೊಮ್ಮೆ ದಾಖಲೆ ತಿದ್ದುವ ಸಣ್ಣ ಸಂಸ್ಥೆಗಳಿಗೆ ಈ ಶ್ರಮ ಬೇಕಿಲ್ಲ. ಅವರು ಎರಡು ಹಂತದ ಪರಿಶೀಲನೆಯಿರುವ ಖಾತೆಯಿಂದ ವೆಬ್ ಪುಟದಲ್ಲೇ ತಿದ್ದಿಕೊಂಡು, ಮೇಂಟೈನರ್‌ನಲ್ಲಿ ಆ ಖಾತೆಯನ್ನು ಸೂಚಿಸುವ ಸಾಲನ್ನಷ್ಟೇ ಉಳಿಸಿಕೊಳ್ಳುವುದು ಒಳ್ಳೆಯದು.